ತೆರಿಗೆಗೆ ನಮ್ಮ ಒಪ್ಪಿಗೆ ಕೇಳಿದ್ದುಂಟೇ?

ಕಡಬ ಪಟ್ಟಣ ಪಂಚಾಯತ್‌ಗೆ ಮೊತ್ತಮೊದಲ ಚುನಾವಣೆ ನಡೆದದ್ದು 2025ರ ಆಗಸ್ಟ್ 17ರ ಭಾನುವಾರ. ಕಡಬ ಮತ್ತು ಕುಟ್ರುಪ್ಪಾಡಿ ಗ್ರಾಮ ಪಂಚಾಯತ್‌ಗಳನ್ನು ಸೇರಿಸಿ ಪಟ್ಟಣ ಪಂಚಾಯತ್ ಮಾಡಿದ ಮೇಲೆ ವರ್ಷಗಟ್ಟಲೆ ಅಲ್ಲಿ ಚುನಾಯಿತರೆಂಬವರೇ ಇರಲಿಲ್ಲ. ಹಳೆಯ ಸದಸ್ಯರ ಕಾಲ ಮುಗಿದಿತ್ತು, ಹೊಸಬರು ಬಂದಿರಲಿಲ್ಲ. ಕಚೇರಿ ಇತ್ತು, ಆಡಳಿತಾಧಿಕಾರಿ ಇದ್ದರು, ಮುಖ್ಯಾಧಿಕಾರಿ ಇದ್ದರು, ತೆರಿಗೆಯ ಚಲನ್ ಕೂಡ ಇತ್ತು. ಕಟ್ಟುವವನಿಗೆ ಮಾತ್ರ, ಇದು ಹೆಚ್ಚಾಯಿತು ಎಂದು ಹೇಳಬೇಕಾದರೆ ಯಾರ ಮನೆ ಅಂಗಳಕ್ಕೆ ಹೋಗಬೇಕೆಂದು ಗೊತ್ತಿರಲಿಲ್ಲ.

ಚುನಾವಣೆ ಆಯಿತು, 13 ವಾರ್ಡುಗಳಿಗೆ ಸದಸ್ಯರು ಬಂದರು. ಒಳ್ಳೆಯದೇ ಆಯಿತು. ಆದರೆ ನಮ್ಮ ಕಡೆಯ ಸ್ಥಳೀಯ ಚುನಾವಣೆಗಳಲ್ಲಿ ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರಿನ ಮಾತು ಬರುವಷ್ಟು ಅವುಗಳ ಖರ್ಚಿನ ಮಾತು ಬರುವುದಿಲ್ಲ. ಯಾರು ಹೊರಬೇಕು, ಎಷ್ಟು ಹೊರಬೇಕು, ಎಷ್ಟು ವರ್ಷ ಹೊರಬೇಕು ಎಂದು ಅಭ್ಯರ್ಥಿ ಹೇಳುವುದಿಲ್ಲ, ಮತದಾರ ಕೇಳುವುದಿಲ್ಲ. ಪುತ್ತೂರು ನಗರಸಭೆಯಲ್ಲಿ 31 ವಾರ್ಡು, ಸುಳ್ಯ ಪಟ್ಟಣ ಪಂಚಾಯತ್‌ನಲ್ಲಿ 20, ಕಡಬದ 13. ಇಷ್ಟು ವಾರ್ಡಿನ ಜನ ಕೌನ್ಸಿಲರನ್ನು ಆರಿಸುತ್ತಾರೆ. ತೆರಿಗೆ ಏರಿಸಬೇಕೇ ಬೇಡವೇ ಎಂದು ಆ ಜನರನ್ನು ಕೇಳುವ ಕ್ರಮ ನಮ್ಮಲ್ಲಿಲ್ಲ. ಇದು ಚಿಕ್ಕ ಕೊರತೆಯೆಂದು ನನಗೆ ಅನ್ನಿಸುವುದಿಲ್ಲ. ಈ ಮೂರು ತಾಲ್ಲೂಕುಗಳ ಇತಿಹಾಸ ಗೊತ್ತಿದ್ದವರಿಗೆ ಹಾಗೆ ಅನ್ನಿಸಲೂ ಬಾರದು.

ಸಮುದ್ರದಾಚೆ ಒಂದು ಊರಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಾಂತಾ ಕ್ಲಾರಾ ಎಂಬ ಕೌಂಟಿ ಇದೆ, ನಮ್ಮ ಜಿಲ್ಲೆಯ ಹಾಗೆ. ಸ್ಯಾನ್ ಹೋಸೆ, ಸನ್ನಿವೇಲ್, ಕುಪರ್ಟಿನೊ ಎಲ್ಲ ಅದರೊಳಗೆ ಬರುತ್ತವೆ. ಎಂಜಿನಿಯರಿಂಗ್ ಓದಿದ ಮಕ್ಕಳಿರುವ ನಮ್ಮ ಮನೆಗಳಲ್ಲಿ ಈ ಹೆಸರುಗಳು ಹೊಸತಲ್ಲ. 2025ರ ನವೆಂಬರ್ 4ರಂದು ಅಲ್ಲಿನ ಮತದಾರರ ಮುಂದೆ ‘ಮೆಷರ್ ಎ’ ಎಂಬ ಪ್ರಶ್ನೆ ಇತ್ತು. ಬಡವರ ವೈದ್ಯಕೀಯ ನೆರವಿಗೆ ಕೇಂದ್ರ ಸರ್ಕಾರ ಕೊಡುವ ಹಣ ಕಡಿತವಾಗಲಿದೆ, ಕೌಂಟಿಯ ಆಸ್ಪತ್ರೆಗಳನ್ನು ನಡೆಸುವುದು ಕಷ್ಟವಾಗುತ್ತದೆ, ಆದ್ದರಿಂದ ಐದು ವರ್ಷಗಳ ಮಟ್ಟಿಗೆ ಮಾರಾಟ ತೆರಿಗೆಯನ್ನು ನೂರು ಡಾಲರಿಗೆ 62.5 ಸೆಂಟ್‌ನಷ್ಟು ಏರಿಸಬಹುದೇ? ಹೌದು ಅಥವಾ ಅಲ್ಲ. ಹೆಚ್ಚಿನವರು ಹೌದು ಎಂದರು. ತೆರಿಗೆ ಏರಿತು.

ಅಲ್ಲಿ ರಾಜ್ಯದ ಮೂಲ ಮಾರಾಟ ತೆರಿಗೆ ಶೇ 7.25. ಅದರ ಮೇಲೆ ನಗರ ಅಥವಾ ಕೌಂಟಿ ತನ್ನದೊಂದು ಪಾಲು ಸೇರಿಸಬೇಕಾದರೆ ಜನರನ್ನು ಕೇಳಲೇಬೇಕು. 1996ರಲ್ಲಿ ‘ಪ್ರೊಪೊಸಿಶನ್ 218’ ಎಂಬ ಜನಮತದ ಮೂಲಕ ಈ ನಿಯಮ ಅಲ್ಲಿನ ಸಂವಿಧಾನವನ್ನೇ ಸೇರಿತು. ಕೌನ್ಸಿಲ್ ಮುಂದಿಡುವ ಸಾಮಾನ್ಯ ಖರ್ಚಿನ ತೆರಿಗೆಗೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಒಂದೇ ಕೆಲಸಕ್ಕೆಂದು ಮೀಸಲಿಟ್ಟ ತೆರಿಗೆಯಾದರೆ ಮೂರರಲ್ಲಿ ಎರಡು ಪಾಲು ಬೇಕು. ದರ ಎಷ್ಟು, ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಹಣ ಕೂಡುತ್ತದೆ, ಈ ಮೂರನ್ನೂ ಮತಪತ್ರದ ಪ್ರಶ್ನೆಯಲ್ಲೇ ಅಚ್ಚು ಹಾಕಬೇಕೆಂದು ಕಾನೂನಿದೆ. ಮತದಾನಕ್ಕೆ ಮೊದಲು ಮನೆಗೆ ಬರುವ ಪುಸ್ತಿಕೆಯಲ್ಲಿ ಪರವಾದ ವಾದವೂ ವಿರೋಧದ ವಾದವೂ ಇರುತ್ತವೆ.

ಆ ಏರ್ಪಾಡನ್ನು ಹೊಗಳಿ ನಿಲ್ಲಿಸುವಂತಿಲ್ಲ. ಮಾರಾಟ ತೆರಿಗೆ ಬಡವನನ್ನೂ ಶ್ರೀಮಂತನನ್ನೂ ಒಂದೇ ದರದಲ್ಲಿ ಹಿಡಿಯುತ್ತದೆ, ಬಡವನ ಸಂಪಾದನೆಯಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ. ಇನ್ನೊಂದು ಅನ್ಯಾಯ ನಮ್ಮ ಮನೆಗಳಿಗೆ ಹತ್ತಿರದ್ದು. ವೀಸಾದ ಮೇಲೆ ಅಲ್ಲಿ ದುಡಿಯುವವರು ಅಂಗಡಿಯಲ್ಲಿ ಆ ತೆರಿಗೆಯನ್ನು ಪೂರ್ತಿ ಕೊಡುತ್ತಾರೆ. ಪ್ರಜೆಗಳಲ್ಲವಾದ ಕಾರಣ ಮತ ಮಾತ್ರ ಅವರಿಗಿಲ್ಲ. ಕೊಡುವವನ ಬಾಯಿಗೆ ಮಾತಿಲ್ಲದ ಸ್ಥಿತಿ ಅಲ್ಲಿಯೂ ಉಂಟು. ಹಾಗಿದ್ದರೂ ಊರಿನ ಆಸ್ಪತ್ರೆಗಾಗಿ ಊರವರನ್ನೇ ಕೇಳಿದರಲ್ಲ, ಆ ಒಂದು ನಡೆಯ ಮೇಲೆ ನನಗೆ ಗೌರವವಿದೆ.

ಪುತ್ತೂರಿನಲ್ಲಿ ಹೀಗೆ ಕೇಳಲು ಬರುತ್ತದೆಯೇ? ಕಾನೂನಿನ ಪ್ರಕಾರ ಬರುವುದಿಲ್ಲ. ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರ ನಮ್ಮ ನಗರಸಭೆಗಳಿಗಿಲ್ಲ. ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗಳು ಹಾಕುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲೇ ರದ್ದು ಮಾಡಿತು, ಅದರ ಜಾಗದಲ್ಲಿ ರಾಜ್ಯದ ಪ್ರವೇಶ ತೆರಿಗೆ ಬಂತು. 2005ರ ಏಪ್ರಿಲ್ 1ಕ್ಕೆ ವ್ಯಾಟ್, 2017ರ ಜುಲೈ 1ಕ್ಕೆ ಜಿಎಸ್‌ಟಿ. ಜಿಎಸ್‌ಟಿಗಾಗಿ ಸಂವಿಧಾನಕ್ಕೆ 101ನೇ ತಿದ್ದುಪಡಿ ತಂದಾಗ ಪ್ರವೇಶ ತೆರಿಗೆಯ ಬಾಬ್ತೂ ಜಾಹೀರಾತು ತೆರಿಗೆಯ ಬಾಬ್ತೂ ರಾಜ್ಯ ಪಟ್ಟಿಯಿಂದ ಹೊರಟುಹೋದವು. ಮನರಂಜನೆಯ ಮೇಲಿನ ತೆರಿಗೆಯನ್ನು ಮಾತ್ರ ಪಂಚಾಯತ್ ಮತ್ತು ಪುರಸಭೆಗಳು ಹಾಕಿ ವಸೂಲು ಮಾಡಬಹುದಾದ ಮಟ್ಟಿಗೆ ಉಳಿಸಿದರು. ಸುಳ್ಯದಂಥ ಪಟ್ಟಣ ಮನರಂಜನೆಯ ತೆರಿಗೆಯಿಂದ ಚರಂಡಿ ಕಟ್ಟಲು ಸಾಧ್ಯವೇ?

ಜಿಎಸ್‌ಟಿ ಹೋಗುವ ದಾರಿ ಅಡಿಕೆ ಬೆಳೆಗಾರನಿಗೆ ಚೆನ್ನಾಗಿ ಅರ್ಥವಾಗಬೇಕು. ಕಿಲೋಗೆ 450 ರೂಪಾಯಿ ಧಾರಣೆ ಎಂದಿಟ್ಟುಕೊಂಡರೆ ಒಂದು ಕ್ವಿಂಟಲ್ ಚಾಲಿ ಅಡಿಕೆಗೆ 45,000 ರೂಪಾಯಿ. ತನ್ನ ತೋಟದ ಫಸಲು ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅಂಗಡಿಯವನು ಅದನ್ನು ಮುಂದಕ್ಕೆ ಮಾರುವಾಗ ಒಣ ಅಡಿಕೆಗೆ ಶೇ 5ರಂತೆ ತೆರಿಗೆ ಸೇರುತ್ತದೆ, ಆ ಧಾರಣೆಗೆ 2,250 ರೂಪಾಯಿ. ಜಿಎಸ್‌ಟಿಯ ನಿಯಮವೇನೆಂದರೆ ಬಳಕೆಯಾಗುವ ರಾಜ್ಯಕ್ಕೆ ಪಾಲು, ಬೆಳೆದ ರಾಜ್ಯಕ್ಕಲ್ಲ. ಸುಳ್ಯದ ಅಡಿಕೆ ಲಾರಿ ಹತ್ತಿ ಗುಜರಾತಿಗೋ ಉತ್ತರ ಪ್ರದೇಶಕ್ಕೋ ಹೋದರೆ ತೆರಿಗೆಯಲ್ಲಿ ರಾಜ್ಯದ ಪಾಲು ಆ ರಾಜ್ಯಕ್ಕೆ, ಉಳಿದದ್ದು ಕೇಂದ್ರಕ್ಕೆ. ಅದೇ ಬೆಳೆಗಾರ ಪುತ್ತೂರಿನ ಮುಖ್ಯರಸ್ತೆಯಲ್ಲಿ ಮೋಟಾರು ಪಂಪನ್ನೋ ಮಗಳಿಗೆ ಮೊಬೈಲನ್ನೋ ಕೊಂಡರೆ ತೆರಿಗೆಯಲ್ಲಿ ಅರ್ಧ ಬೆಂಗಳೂರಿಗೆ, ಅರ್ಧ ದೆಹಲಿಗೆ. ಆ ಅಂಗಡಿಯ ಎದುರಿನ ಚರಂಡಿ ನೋಡಿಕೊಳ್ಳುವ ನಗರಸಭೆಗೆ ಆ ಬಿಲ್ಲಿನಲ್ಲಿ ಹಕ್ಕಿನ ಒಂದು ಪೈಸೆಯೂ ಇಲ್ಲ. ಅನುದಾನವೆಂದು ಮೇಲಿನಿಂದ ಯಾವಾಗಲಾದರೂ ಬರುತ್ತದೆ, ಅದು ಬೇರೆ ಮಾತು.

ಇದರ ನೋವು ಹೆಚ್ಚು ಎದ್ದು ಕಾಣುವುದು ಸುಬ್ರಹ್ಮಣ್ಯದಲ್ಲಿ. ಕುಕ್ಕೆ ಈಗ ಕಡಬ ತಾಲ್ಲೂಕಿಗೆ ಸೇರಿದೆ, ಆದಾಯದಲ್ಲಿ ಮುಜರಾಯಿ ದೇವಸ್ಥಾನಗಳಲ್ಲೇ ಮೊದಲನೆಯದು. 2024–25ರಲ್ಲಿ ಅದರ ವರಮಾನ 150 ಕೋಟಿ ರೂಪಾಯಿ ದಾಟಿತು. ಬಂದ ಭಕ್ತರು ವಸತಿಗೃಹದಲ್ಲಿ ಕೋಣೆ ಹಿಡಿಯುತ್ತಾರೆ, ಹೋಟೆಲಿನಲ್ಲಿ ಊಟ ಮಾಡುತ್ತಾರೆ, ಅಂಗಡಿಗಳಲ್ಲಿ ಸಾಮಾನು ಕೊಳ್ಳುತ್ತಾರೆ. ಎಲ್ಲದರಲ್ಲೂ ಜಿಎಸ್‌ಟಿ ಇದೆ, ಎಲ್ಲವೂ ಊರು ಬಿಟ್ಟು ಹೋಗುತ್ತದೆ. ಪ್ಲಾಸ್ಟಿಕ್ಕು, ಎಂಜಲು, ಕೊಳಚೆ ನೀರು, ಕುಮಾರಧಾರೆಯ ಸ್ನಾನಘಟ್ಟದಲ್ಲಿ ಬಿಟ್ಟುಹೋದ ಬಟ್ಟೆ, ಇವು ಮಾತ್ರ ಊರಲ್ಲೇ ಉಳಿಯುತ್ತವೆ. ಕ್ಯಾಲಿಫೋರ್ನಿಯಾದ ಪ್ರವಾಸಿ ಪಟ್ಟಣಗಳು ಸ್ಥಳೀಯ ಮಾರಾಟ ತೆರಿಗೆಯ ಪರ ಹೇಳುವ ಮುಖ್ಯ ವಾದವೇ ಇದು: ಬಂದುಹೋಗುವವರೂ ಊರಿನ ಖರ್ಚಿನಲ್ಲಿ ಪಾಲು ಹೊರಲಿ. ನಮ್ಮಲ್ಲಿ ಅದಕ್ಕೆ ದಾರಿಯೇ ಇಲ್ಲದ್ದರಿಂದ ಭಾರವೆಲ್ಲ ಮನೆ ತೆರಿಗೆಯ ಮೇಲೆ ಬೀಳುತ್ತದೆ. ಅಂದರೆ ಅಲ್ಲೇ ಬದುಕುವವರ ಮೇಲೆ.

ಮಾರಾಟದ ಮೇಲೆ ಬಿದ್ದು ಊರಲ್ಲೇ ಉಳಿಯುವ ಹಣ ಈ ಮೂರು ತಾಲ್ಲೂಕುಗಳಲ್ಲಿ ಒಂದೇ ಒಂದಿದೆ, ಎಪಿಎಂಸಿಯ ಸೆಸ್. ಪಟೋರವೋ ಉಳ್ಳಿಗಡ್ಡೆಯೋ ಕರಿಗೋಟೋ, ಅಡಿಕೆ ಯಾವ ಜಾತಿಯದ್ದಾದರೂ ಕೊಳ್ಳುವ ವರ್ತಕ ಬೆಲೆಯ ಮೇಲೆ ಇಷ್ಟು ಎಂದು ಸಮಿತಿಗೆ ಕಟ್ಟಬೇಕು. ಪುತ್ತೂರು, ಸುಳ್ಯದ ಎಪಿಎಂಸಿಗಳು ನಡೆದು ಬಂದದ್ದು ಬಹುಮಟ್ಟಿಗೆ ಅಡಿಕೆಯ ಮೇಲಿನ ಈ ಹಣದಿಂದ. ಯಾರ್ಡಿನ ಗೋದಾಮು, ಹಳ್ಳಿಗಳಿಂದ ಬರುವ ಸಂಪರ್ಕ ರಸ್ತೆ ಇವೆಲ್ಲ ಅದರಲ್ಲಾದವು. ಪುತ್ತೂರಿನ ಎಪಿಎಂಸಿ ರಸ್ತೆಯಲ್ಲಿ ರೈಲ್ವೆ ಗೇಟು ಬಿದ್ದಾಗಲೆಲ್ಲ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅಂಡರ್‌ಪಾಸ್ ಇದೆ. ಅದರ ವೆಚ್ಚದಲ್ಲಿ ರೈಲ್ವೆಯ ಜೊತೆ ಎಪಿಎಂಸಿಯೂ ಪಾಲು ಹೊತ್ತಿತು. ಅಡಿಕೆಯಿಂದ ಬಂದದ್ದು ಅಡಿಕೆ ತರುವ ದಾರಿಗೇ ಹೋಯಿತು. ಕಣ್ಣಿಗೆ ಕಾಣುವ ತೆರಿಗೆ ಎಂದರೆ ಇದು.

ಆ ದರವನ್ನು ಯಾರು ಇಟ್ಟರು, ಯಾರು ತೆಗೆದರು ಎಂದು ನೋಡಿ. ರಾಜ್ಯದ ಎಪಿಎಂಸಿಗಳಲ್ಲಿ ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಮಾರುಕಟ್ಟೆ ಶುಲ್ಕ 2020ರಲ್ಲಿ ಒಂದು ರೂಪಾಯಿಗೆ, ಆಮೇಲೆ 35 ಪೈಸೆಗೆ ಇಳಿಯಿತು, ಮತ್ತೆ 60 ಪೈಸೆಗೆ ಏರಿತು. ಅದೇ 2020ರಲ್ಲಿ ಯಾರ್ಡಿನ ಹೊರಗೆ ನಡೆಯುವ ಖರೀದಿಗೆ ಶುಲ್ಕವೇ ಬೇಡವೆಂದು ಕಾಯ್ದೆ ತಿದ್ದಲಾಯಿತು. ನಮ್ಮ ಕಡೆ ಅಡಿಕೆ ವ್ಯಾಪಾರ ನಡೆಯುವುದೇ ಪೇಟೆ ಪೇಟೆಗಳ ಅಂಗಡಿಗಳಲ್ಲಿ; ಯಾರ್ಡಿನೊಳಗೆ ಬರುವುದು ಕಡಿಮೆ. ಸಮಿತಿಗಳ ವರಮಾನ ಕುಸಿಯಿತು. ಮುಂದೆ ಸರ್ಕಾರ ಬದಲಾಗಿ ಆ ತಿದ್ದುಪಡಿಯನ್ನು ಹಿಂದೆಗೆಯುವ ಮಸೂದೆ ಬಂತು. ಎಪಿಎಂಸಿ ಸಮಿತಿಗೆ ರೈತರೇ ಮತ ಹಾಕಿ ಪ್ರತಿನಿಧಿಗಳನ್ನು ಕಳಿಸುತ್ತಾರೆ. ಆದರೆ ದರ ಇಳಿಸುವಾಗಲೂ ಏರಿಸುವಾಗಲೂ ಬೆಳ್ಳಾರೆಯ, ಪಂಜದ, ಆಲಂಕಾರಿನ ಬೆಳೆಗಾರನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆತ ಇಳಿಸಿ ಎಂದೇ ಹೇಳುತ್ತಿದ್ದ ಎಂದು ನಾನು ನಂಬುವುದಿಲ್ಲ. ತೋಟದಿಂದ ಡಾಮರು ರಸ್ತೆಯವರೆಗೆ ಮಳೆಗಾಲದಲ್ಲಿ ಜೀಪು ಹೂತುಹೋಗುವವನಿಗೆ ಅರುವತ್ತು ಪೈಸೆಯ ಲೆಕ್ಕ ಗೊತ್ತಿರುತ್ತದೆ.

ಇನ್ನು ಮನೆ ತೆರಿಗೆ. ಹದಿನೈದನೇ ಹಣಕಾಸು ಆಯೋಗ ಪಟ್ಟಣಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು, ವಸೂಲಿ ವರ್ಷವರ್ಷ ಏರಬೇಕು ಎಂಬ ಷರತ್ತು ಹಾಕಿತು. ಅದರಂತೆ ಕರ್ನಾಟಕ ಪುರಸಭೆ ಕಾಯ್ದೆಗೆ ತಿದ್ದುಪಡಿಯಾಗಿ ತೆರಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರಕ್ಕೆ ಅಂಟಿಕೊಂಡಿತು, ವರ್ಷಕ್ಕೆ ಶೇ 3ರಿಂದ 5ರವರೆಗೆ ಏರಿಸುವ ನಿಯಮ ಬಂತು. ಇದರ ಜೊತೆಗೆ ಕರಗಳು: ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3, ಆರೋಗ್ಯಕ್ಕೆ ಇನ್ನಷ್ಟು. ಇವು ರಾಜ್ಯದ ಬೇರೆ ಬೇರೆ ಕಾಯ್ದೆಗಳಿಂದ ಬಂದವು. ಪುತ್ತೂರಿನಲ್ಲೋ ಸುಳ್ಯದಲ್ಲೋ ಕೂತ ಕೌನ್ಸಿಲಿಗೆ ಉಳಿಯುವ ನಿರ್ಧಾರವೆಂದರೆ ಮೂರೋ, ನಾಲ್ಕೋ, ಐದೋ ಎಂಬುದಷ್ಟೆ.

ಆ ಅಷ್ಟನ್ನಾದರೂ ಜನಪ್ರತಿನಿಧಿಗಳು ಮಾಡಬೇಡವೇ? ಕಡಬದ ಸ್ಥಿತಿ ಹೇಳಿದೆ. ಪುತ್ತೂರು ನಗರಸಭೆಗೆ 2018ರ ಆಗಸ್ಟ್ 31ರಂದು ಮತದಾನವಾಗಿ 31 ಮಂದಿ ಆಯ್ಕೆಯಾದರು. ಅಧ್ಯಕ್ಷ ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟು ಹತ್ತಿತು, ರಾಜ್ಯದ ಇತರ ಹಲವು ಪಟ್ಟಣಗಳ ಹಾಗೆ 2020ರ ಕೊನೆಯವರೆಗೆ ಗದ್ದುಗೆ ಖಾಲಿ. ಗೆದ್ದವರು ಹೊರಗೆ, ಅಧಿಕಾರಿ ಒಳಗೆ. ಆಡಳಿತಾಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಬರೆದಿಟ್ಟ ನಿಯಮದಂತೆ ನಡೆಯುತ್ತಾರೆ. ಆದರೆ ಅವರು ಏರಿಸಿದ ತೆರಿಗೆಗೆ ಮುಂದಿನ ಚುನಾವಣೆಯಲ್ಲಿ ಉತ್ತರ ಹೇಳಬೇಕಾದವರು ಯಾರೂ ಇರುವುದಿಲ್ಲ. ಏಪ್ರಿಲಿನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ಕಳೆದರೆ ತಿಂಗಳಿಗೆ ಶೇ 2 ದಂಡ. ಇದು ಮಾತ್ರ ಒಂದು ದಿನವೂ ತಪ್ಪುವುದಿಲ್ಲ.

ತೆರಿಗೆಯ ಮಾತು ಈ ನೆಲಕ್ಕೆ ಹೊಸದಲ್ಲ. 1799ರಲ್ಲಿ ಕಂಪೆನಿ ಸರ್ಕಾರ ಕೆನರಾವನ್ನು ಹಿಡಿದ ಮೇಲೆ ಥಾಮಸ್ ಮನ್ರೋ ಕಂದಾಯ ಗೊತ್ತುಮಾಡಿದ, 1819–20ರ ಹೊತ್ತಿಗೆ ‘ತರಾವು’ ಎಂಬ ಹೊಸ ಲೆಕ್ಕ ಬಂತು. ಆಮೇಲೆ ಧಾನ್ಯದ ಬೆಲೆ ಇಳಿದರೂ ತೀರ್ವೆ ಇಳಿಯಲಿಲ್ಲ. 1830ರ ಕೊನೆಗೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ರೈತರು ಅರ್ಜಿ ಬರೆಯತೊಡಗಿದರು. ಅರ್ಜಿಯಿಂದ ಕೆಲಸವಾಗದೆ ಅಲ್ಲಲ್ಲಿ ಕೂಟ ಸೇರಿದರು. ಕಲೆಕ್ಟರ್ ಡಿಕಿನ್ಸನ್ ಬಂದು ಸಮಾಧಾನ ಹೇಳಿದರೂ ಕದಲಲಿಲ್ಲ. 1831ರ ಜನವರಿಯಲ್ಲಿ ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ದೊಡ್ಡ ಕೂಟವೇ ನಡೆಯಿತು. ಮಾಫಿ ಕೊಡುವವರೆಗೆ ಕಂತು ಕಟ್ಟುವುದಿಲ್ಲ ಎಂಬುದು ಅವರ ತೀರ್ಮಾನ. ಕತ್ತಿ ಹಿಡಿಯಲಿಲ್ಲ, ಬೆಂಕಿ ಹಚ್ಚಲಿಲ್ಲ. ಒಟ್ಟಾಗಿ ಸೇರಿ ಆಗುವುದಿಲ್ಲ ಎಂದರು. ಮದ್ರಾಸಿನ ರೆವೆನ್ಯೂ ಬೋರ್ಡು ಸ್ಟೋಕ್ಸ್ ಎಂಬ ಅಧಿಕಾರಿಯನ್ನು ವಿಚಾರಣೆಗೆ ಅಟ್ಟಬೇಕಾಯಿತು. ಗಾಂಧೀಜಿ ಹುಟ್ಟುವುದಕ್ಕೆ ಮೂವತ್ತೆಂಟು ವರ್ಷ ಮೊದಲು ನಮ್ಮ ಜಿಲ್ಲೆಯಲ್ಲಿ ನಡೆದ ಕರನಿರಾಕರಣೆ ಇದು. ಇತಿಹಾಸಕಾರ ಎನ್. ಶ್ಯಾಮ ಭಟ್ ದಾಖಲೆಗಳಿಂದ ಇದನ್ನು ಎತ್ತಿ ತೋರಿಸಿದರು. ನಮ್ಮ ಶಾಲಾ ಪುಸ್ತಕಗಳು ಇದಕ್ಕೆ ಇನ್ನೂ ತಕ್ಕ ಜಾಗ ಕೊಟ್ಟಿಲ್ಲ.

ಆಗ ಅಮರ ಸುಳ್ಯ ಕೊಡಗಿನ ಅರಸರ ಆಳ್ವಿಕೆಯಲ್ಲಿತ್ತು. ಅಲ್ಲಿ ರೈತರು ಕಂದಾಯವನ್ನು ಬೆಳೆದ ಧಾನ್ಯದಲ್ಲೇ ಅಳೆದು ಕೊಡುತ್ತಿದ್ದರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದ ಕಂಪೆನಿ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಂದ ಕಂದಾಯ ನಗದಾಗಿ ಕೊಡಬೇಕೆಂದಾಯಿತು. ಇದು ಪೇಟೆಯವರಿಗೆ ಚಿಕ್ಕ ವಿಷಯವೆಂದು ಕಂಡೀತು. ನಾಣ್ಯವೇ ಓಡಾಡದ ಕಾಡಂಚಿನ ಊರಿನಲ್ಲಿ ನಗದು ಬೇಕಾದರೆ ಕೊಯ್ಲಿನ ಹೊತ್ತಿಗೆ, ಬೆಲೆ ನೆಲ ಕಚ್ಚಿದಾಗಲೇ, ವ್ಯಾಪಾರಿಗೆ ಭತ್ತ ಮಾರಬೇಕು. ಇಲ್ಲವೇ ಸಾಲ ಎತ್ತಬೇಕು. ತೆರಿಗೆಯ ಮೊತ್ತ ಅಷ್ಟೇ ಇದ್ದರೂ ಕಟ್ಟುವ ರೀತಿ ಬದಲಾದರೆ ಮನೆ ಮುಳುಗುತ್ತದೆ. ಬೆಂಗಳೂರಿನಲ್ಲಿ ಕೂತು ಅರ್ಜಿ ನಮೂನೆ, ಆನ್‌ಲೈನ್ ಪಾವತಿ, ಇ-ಖಾತೆಯ ಗಡುವು ನಿಶ್ಚಯಿಸುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1837ರ ಮಾರ್ಚ್ ಕೊನೆಗೆ ಸುಳ್ಯ ಸೀಮೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡ, ಕುಜುಗೋಡು ಮಲ್ಲಪ್ಪ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಮುಂದಾಳಾದ ಪುಟ್ಟಬಸಪ್ಪ. ಅವರು ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ. ನಗದು ಕಂದಾಯ ಬಂದು ಬೀಳುತ್ತಿದ್ದ ಜಾಗವದು. ಕಲೆಕ್ಟರ್ ಲೆವಿನ್ ಪಡೆಯೊಂದಿಗೆ ಪುತ್ತೂರಿಗೆ ಬಂದು ಹಿಂದೆ ಸರಿದ. ಏಪ್ರಿಲ್ 5ಕ್ಕೆ ಮಂಗಳೂರು ಅವರ ವಶವಾಯಿತು, ಬಾವುಟಗುಡ್ಡೆಯಲ್ಲಿ ಬಾವುಟ ಏರಿತು, 13 ದಿನ ಆಡಳಿತ ನಡೆಯಿತು. ದಾರಿಯುದ್ದಕ್ಕೂ ಅವರು ಹೊರಡಿಸಿದ ನಿರೂಪಗಳಲ್ಲಿ ಕಂದಾಯದ ರಿಯಾಯಿತಿಯ ಮಾತಿತ್ತು, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕದಿಂದ ಬಿಡುಗಡೆಯ ಮಾತಿತ್ತು. ಆಮೇಲೆ ಗಲ್ಲು, ಗಡೀಪಾರು. ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಜನರೆದುರೇ ನೇಣಿಗೇರಿಸಿದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣವಾಯಿತು. ಭಾಷಣಗಳಲ್ಲಿ ಸ್ವಾತಂತ್ರ್ಯದ ಮಾತು ಬಂದರೆ ಸರಿಯೇ. ಕೇಳದೆ ಬದಲಿಸಿದ ಒಂದು ತೆರಿಗೆಯ ಮಾತೂ ಬರಬೇಕು.

ಮಾರಾಟ ತೆರಿಗೆಯ ಕತೆಯಲ್ಲೂ ನಮ್ಮದು ಮೊದಲ ಸಾಲು. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಭಾರತದಲ್ಲಿ ಎಲ್ಲ ಸರಕುಗಳ ಮೇಲಿನ ಸಾಮಾನ್ಯ ಮಾರಾಟ ತೆರಿಗೆ ಮೊದಲು ಬಂದದ್ದು ಮದ್ರಾಸ್ ಪ್ರಾಂತದಲ್ಲಿ, 1939ರಲ್ಲಿ, ರಾಜಾಜಿಯವರ ಸರ್ಕಾರದಿಂದ. 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುಮಾಡಿದ್ದರಿಂದ ಅಬಕಾರಿ ವರಮಾನ ಹೋಯಿತು, ಅದನ್ನು ತುಂಬಲು ಈ ತೆರಿಗೆ. ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ವಹಿವಾಟಿದ್ದ ವರ್ತಕ ಶೇ ಅರ್ಧದಂತೆ ಕಟ್ಟಬೇಕಿತ್ತು. ದೇಶದ ಬೇರೆ ಭಾಗದವರಿಗೆ ಗೊತ್ತೇ ಇಲ್ಲದ ತೆರಿಗೆಯನ್ನು ಪುತ್ತೂರು ಪೇಟೆಯ ಅಂಗಡಿಗಳು ಆಗಲೇ ಕಟ್ಟಿದ್ದವು. ರಾಜಾಜಿ ಒಂದು ಕೆಲಸ ಸರಿಯಾಗಿ ಮಾಡಿದರು: ಹಣ ಯಾವ ಗುಂಡಿ ತುಂಬಲು ಬೇಕೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗುಂಡಿ ಮುಚ್ಚಿದ ಮೇಲೂ ತೆರಿಗೆ ಮುಂದುವರಿಯಿತು, ದರ ಏರಿತು, ಹೆಸರು ಬದಲಾಯಿತು. ಮೊದಲೇ ಗಡುವು ಹಾಕದ ತೆರಿಗೆಯ ಹಣೆಬರಹ ಅದು.

ಜನ ಕೊಡಲು ಹಿಂಜರಿಯುತ್ತಾರೆ ಎಂಬ ಮಾತನ್ನು ಈ ಮೂರು ತಾಲ್ಲೂಕಿನಲ್ಲಿ ಓಡಾಡಿದ ಯಾರೂ ಒಪ್ಪಲಾರರು. ಇಲ್ಲಿ ದೇವಸ್ಥಾನವೋ ದೈವಸ್ಥಾನವೋ ಜೀರ್ಣೋದ್ಧಾರವಾಗಬೇಕೆಂದರೆ ಊರವರು ಸಭೆ ಸೇರುತ್ತಾರೆ. ಅಂದಾಜು ವೆಚ್ಚದ ಪಟ್ಟಿ ಓದುತ್ತಾರೆ, ಮನೆಯೊಂದಕ್ಕೆ ಇಷ್ಟು ವಂತಿಗೆ ಎಂದು ಗೊತ್ತುಮಾಡುತ್ತಾರೆ. ಹೆಚ್ಚಾಯಿತು ಎಂದು ಎದ್ದು ಹೇಳುವವನಿರುತ್ತಾನೆ, ಅವನೊಂದಿಗೆ ಗಲಾಟೆಯೂ ಆಗುತ್ತದೆ, ಕೊನೆಗೆ ಮೊತ್ತ ಸ್ವಲ್ಪ ಕೆಳಗಿಳಿಯುತ್ತದೆ. ಹಣ ಕೊಡಲಾಗದವನು ಶ್ರಮದಾನ ಮಾಡುತ್ತಾನೆ. ಬ್ರಹ್ಮಕಲಶ ಮುಗಿದ ಮೇಲೆ ಲೆಕ್ಕಪತ್ರದ ಸಭೆ: ಜಮೆ ಇಷ್ಟು, ಖರ್ಚು ಇಷ್ಟು, ಉಳಿಕೆ ಅಥವಾ ಬಾಕಿ ಇಷ್ಟು. ಮಸೀದಿಯ ಜಮಾತಿನಲ್ಲಿ, ಇಗರ್ಜಿಯ ಪಾಲನಾ ಸಭೆಯಲ್ಲಿ ಕ್ರಮ ಬೇರೆಯಿದ್ದರೂ ರೀತಿ ಇದೇ. ಕೇಳುತ್ತಾರೆ, ಕಾರಣ ಹೇಳುತ್ತಾರೆ, ಲೆಕ್ಕ ಕೊಡುತ್ತಾರೆ. ಕೂಲಿ ಮಾಡುವ ಮನೆಯಿಂದಲೂ ಸಾವಿರಗಟ್ಟಲೆ ಬರುವುದು ಅದಕ್ಕೆ.

ಸಹಕಾರಿ ಸಂಘಗಳ ಅನುಭವವೂ ನಮ್ಮಲ್ಲಿ ಕಡಿಮೆಯಿಲ್ಲ. ಮೊಳಹಳ್ಳಿ ಶಿವರಾಯರು ಕಳೆದ ಶತಮಾನದ ಮೊದಲ ದಶಕದಲ್ಲೇ ಪುತ್ತೂರಿನಲ್ಲಿ ಸಹಕಾರ ಚಳವಳಿಯನ್ನು ಬೇರೂರಿಸಿದರು. ಅಡಿಕೆ ಧಾರಣೆ ಕುಸಿದಾಗ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಬಂತು. ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಎರಡು ಹಸು ಕಟ್ಟಿದ ಹೆಂಗಸೂ ಎದ್ದುನಿಂತು ಕಟ್ಟಡ ನಿಧಿಗೆಂದು ಹಿಡಿದ ಹಣ ಎಲ್ಲಿಗೆ ಹೋಯಿತು ಎಂದು ಕಾರ್ಯದರ್ಶಿಯನ್ನು ಕೇಳುತ್ತಾಳೆ. ಅದೇ ಹೆಂಗಸು ಪಂಚಾಯತ್ ಕಚೇರಿಯ ಕಿಟಕಿಯಲ್ಲಿ ಮನೆ ತೆರಿಗೆ ಕಟ್ಟಿ ರಶೀದಿ ಮಡಚಿಕೊಂಡು ಸುಮ್ಮನೆ ಹೊರಡುತ್ತಾಳೆ. ಅವಳು ಬದಲಾಗಿಲ್ಲ. ಒಂದು ಕಡೆ ಅವಳ ಮಾತಿಗೆ ಜಾಗವಿದೆ, ಇನ್ನೊಂದು ಕಡೆ ಇಲ್ಲ ಎಂದು ಅವಳಿಗೆ ಗೊತ್ತಾಗಿದೆ.

ಕಾನೂನಿನಲ್ಲಿ ಜಾಗ ಪೂರ್ತಿ ಮುಚ್ಚಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 1964ರ ಪುರಸಭೆ ಕಾಯ್ದೆಯ 95ನೇ ಪ್ರಕರಣ ಹೊಸ ತೆರಿಗೆಗೆ ಒಂದು ಕ್ರಮ ಹಾಕಿದೆ. ಮೊದಲು ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಬೇಕು, ನೋಟಿಸು ಪ್ರಕಟವಾಗಬೇಕು, ಅಲ್ಲಿ ವಾಸಿಸುವ ಯಾರೇ ಆಗಲಿ ಒಂದು ತಿಂಗಳೊಳಗೆ ಆಕ್ಷೇಪವನ್ನು ಬರೆದು ಕೊಡಬಹುದು, ಕೌನ್ಸಿಲ್ ಅದನ್ನು ಪರಿಶೀಲಿಸಲೇಬೇಕು. ವಾಸಿಸುವವನು ಎಂದಿದೆ, ಮನೆಯ ಯಜಮಾನ ಎಂದಿಲ್ಲ. ಬಾಡಿಗೆಯವನೂ ಬರೆಯಬಹುದು. ಆದರೆ ನೋಟಿಸು ಕಚೇರಿಯ ಫಲಕದಲ್ಲಿ ಅಂಟಿಕೊಂಡು ಮಳೆಗಾಲದ ತೇವಕ್ಕೆ ಉದುರಿದರೆ ಆಕ್ಷೇಪ ಬರುವುದೆಲ್ಲಿಂದ? ಅದೇ ನೋಟಿಸು ಪ್ರತಿ ಅಂಗಡಿಗೆ, ಬಸ್ ನಿಲ್ದಾಣಕ್ಕೆ, ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗಲಿ. ಬಂದ ಆಕ್ಷೇಪಗಳಿಗೆ ಕೌನ್ಸಿಲ್ ಏನು ಉತ್ತರ ಕೊಟ್ಟಿತೆಂದು ಅಚ್ಚಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಆಯವ್ಯಯಕ್ಕೆ ಮೊದಲು ನಗರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಬರುವವರು ಬೆರಳೆಣಿಕೆ. ಬಂದವರೂ ತಮ್ಮ ಓಣಿಯ ದೀಪದ ಬಗ್ಗೆ ಹೇಳಿ ಹೊರಡುತ್ತಾರೆ, ವರಮಾನದ ಪುಟ ತೆರೆಯುವುದಿಲ್ಲ. ಹಳ್ಳಿಗಳಲ್ಲಿ ಗ್ರಾಮಸಭೆ ಇದೆ. ಪಂಚಾಯತ್‌ನ ಆಯವ್ಯಯ, ಹಿಂದಿನ ವರ್ಷದ ಲೆಕ್ಕ, ಆಡಿಟ್ ವರದಿ ಎಲ್ಲ ಅದರ ಮುಂದೆ ಬರಬೇಕು. ಅಲ್ಲಿಯೂ ಸವಲತ್ತಿನ ಪಟ್ಟಿ ಬಂದಾಗ ಸಭೆ ತುಂಬುತ್ತದೆ, ಆಡಿಟ್ ಓದುವ ಹೊತ್ತಿಗೆ ಕುರ್ಚಿ ಖಾಲಿ. ಈ ತಪ್ಪು ಅಧಿಕಾರಿಯದ್ದಲ್ಲ, ಊರವರದ್ದು. ವಂತಿಗೆಯ ಸಭೆಯಲ್ಲಿ ಕೊನೆಯವರೆಗೆ ಕೂರುವ ನಾವು ಇಲ್ಲಿ ಯಾಕೆ ಎದ್ದು ಹೋಗುತ್ತೇವೆ?

ಸುಳ್ಯದ ಕಸವನ್ನೇ ತೆಗೆದುಕೊಳ್ಳಿ. ಪಟ್ಟಣದ ಕಸಕ್ಕೆ ಜಾಗವಿಲ್ಲದೆ ಪಟ್ಟಣ ಪಂಚಾಯತ್ ಕಚೇರಿಯ ಆವರಣದಲ್ಲೇ ಅದು ರಾಶಿ ಬಿದ್ದದ್ದನ್ನು, ಕಲ್ಚರ್ಪೆಯ ತ್ಯಾಜ್ಯ ಘಟಕದ ಸುತ್ತಲಿನವರ ದೂರನ್ನು ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಕಸ ಒಯ್ಯುವ ಶುಲ್ಕವನ್ನು ಮನೆ ತೆರಿಗೆಯ ಜೊತೆ ಕಟ್ಟಿಸಿಕೊಳ್ಳುತ್ತಾರೆ, ಇಷ್ಟು ಹಣದಲ್ಲಿ ಇಷ್ಟೇ ಆಗುವುದು ಎಂದು ಆಡಳಿತದವರೂ ಕೈಚೆಲ್ಲುತ್ತಾರೆ. ಪ್ರತಿಯೊಬ್ಬರಿಗೂ ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ ಸಮಸ್ಯೆ. ಜನರ ಮುಂದೆ ಒಂದು ಪ್ರಶ್ನೆ ಇಡಲು ಇದಕ್ಕಿಂತ ತಕ್ಕ ವಿಷಯ ಸಿಗಲಿಕ್ಕಿಲ್ಲ.

ಪ್ರಶ್ನೆಯನ್ನು ಹೀಗೆ ಬರೆಯಬಹುದು. ಕಸವನ್ನು ಹಸಿ ಒಣ ಎಂದು ಬೇರೆ ಮಾಡಿ ವಿಲೇವಾರಿ ಮಾಡುವ ಘಟಕಕ್ಕೆ ಇಂತಿಷ್ಟು ಖರ್ಚು, ಅದಕ್ಕಾಗಿ ಮನೆಯೊಂದಕ್ಕೆ ತಿಂಗಳಿಗೆ ಇಷ್ಟು, ಅಂಗಡಿಗೆ ಇಷ್ಟು, ಕಲ್ಯಾಣ ಮಂಟಪಕ್ಕೆ ಕಾರ್ಯಕ್ರಮವೊಂದಕ್ಕೆ ಇಷ್ಟು. ಮೂರು ವರ್ಷ ಮಾತ್ರ. ಹಣ ಬೇರೆ ಖಾತೆಯಲ್ಲಿ, ಆರು ತಿಂಗಳಿಗೊಮ್ಮೆ ಲೆಕ್ಕ ಫಲಕದಲ್ಲಿ. ಒಪ್ಪಿಗೆಯೇ? 20 ವಾರ್ಡುಗಳಲ್ಲೂ ಸಭೆ ಕರೆದು, ಬಾಡಿಗೆ ಕೋಣೆಯ ವಿದ್ಯಾರ್ಥಿಗೂ ಲೈನ್ ಮನೆಯ ರಬ್ಬರ್ ಕಾರ್ಮಿಕನಿಗೂ ಚೀಟಿ ಕೊಟ್ಟು ಎಣಿಸಲಿ. ಅಂಥ ಮತಕ್ಕೆ ಇವತ್ತು ಕಾನೂನಿನ ಬಲವಿಲ್ಲ, ಆದರೆ ಅದನ್ನು ನೋಡಿಕೊಂಡು ನಿರ್ಣಯ ಮಾಡಬಾರದೆಂದು ಯಾವ ಕಾನೂನೂ ಕೌನ್ಸಿಲಿಗೆ ಹೇಳಿಲ್ಲ. ಜನ ಹೌದೆಂದರೆ ನಿರ್ಣಯ, ನೋಟಿಸಿನ ಕ್ರಮ ಮುಗಿದ ಕೂಡಲೇ ವಸೂಲಿ ಶುರುವಾಗಲಿ. ಬೇಡವೆಂದರೆ ಮೊತ್ತ ಹೆಚ್ಚಾಯಿತೋ ನಂಬಿಕೆ ಸಾಲದಾಯಿತೋ ಎಂದು ವಾರ್ಡು ವಾರ್ಡಿಗೆ ಹೋಗಿ ಕೇಳಿ, ಅಂದಾಜು ಪಟ್ಟಿ ತಿದ್ದಿ, ಇನ್ನೊಮ್ಮೆ ಬರಲಿ.